ಅಜ್ಜ ಮಲಗಿದ್ದಲ್ವಾ, ಮತ್ತೆ ಯಾಕೆ ಸುಟ್ಟದ್ದು?

ತಾಯಿಗೆ 36 ವರ್ಷ. ಕಾಸರಗೋಡು ಜಿಲ್ಲೆಯ ಒಂದು ಹೈಸ್ಕೂಲಿನಲ್ಲಿ ಕನ್ನಡ ಟೀಚರ್. ಮಗಳಿಗೆ 6, ಒಂದನೇ ಕ್ಲಾಸು. ತಾಯಿಯ ತಂದೆ ಬಾಯಿಯ ಕ್ಯಾನ್ಸರಿನಿಂದ 63ನೇ ವಯಸ್ಸಿನಲ್ಲಿ ಮನೆಯಲ್ಲೇ ತೀರಿಹೋಗಿ ಐದು ವಾರ ಕಳೆದಿತ್ತು. ಗುರುತು ಸಿಗಬಾರದೆಂದು ವಯಸ್ಸು ಮತ್ತು ಕೆಲವು ವಿವರಗಳನ್ನು ಬದಲಿಸಲಾಗಿದೆ.

ಮಗಳಿಗೆ ರಾತ್ರಿ ಕಣ್ಣು ಮುಚ್ಚಲು ಭಯ. ತಾಯಿಗೆ ನಿದ್ದೆ ಹತ್ತಿದರೆ ಮೂಗಿನ ಹತ್ತಿರ ಬೆರಳು ಹಿಡಿದು ಉಸಿರು ನೋಡುತ್ತಾಳೆ, ಎಬ್ಬಿಸುತ್ತಾಳೆ. ಹಗಲು ಅಡಿಕೆ ಕೊಟ್ಟಿಗೆಯಲ್ಲಿ, ಅಟ್ಟದಲ್ಲಿ ಏನೋ ಹುಡುಕುತ್ತಾಳೆ. ತಾಯಿಯದ್ದು ಬೇರೆಯೇ ತೊಂದರೆ: ತರಗತಿಯಲ್ಲಿ ಬಸವಣ್ಣನ ‘ನೆರೆ ಕೆನ್ನೆಗೆ’ ವಚನ ವಿವರಿಸುವಾಗ ‘ಮೃತ್ಯು ಮುಟ್ಟದ ಮುನ್ನ’ ಎಂಬಲ್ಲಿಗೆ ಬಂದರೆ ಸ್ವರವೇ ಹೊರಡುವುದಿಲ್ಲ.

ಆಪ್ತಸಮಾಲೋಚನೆಗೆಂದು ಇಬ್ಬರೂ ನಮ್ಮಲ್ಲಿಗೆ ಬಂದರು. ಮೊದಲ ಭೇಟಿಯಲ್ಲಿ ಬೇರೇನೂ ಮಾಡಲಿಲ್ಲ. ಅಜ್ಜನ ಸಾವಿನ ಬಗ್ಗೆ ಮಗಳ ಕಿವಿಗೆ ಬಿದ್ದಿರಬಹುದಾದ ಮಾತುಗಳನ್ನೆಲ್ಲ ಒಂದು ಕಾಗದದಲ್ಲಿ ಬರೆಯಲು ತಾಯಿಗೆ ಹೇಳಿದೆವು. ಆರು ಬಂತು. ಅಜ್ಜ ಮಲಗಿದ್ದಾರೆ. ದೂರದ ಊರಿಗೆ ಹೋಗಿದ್ದಾರೆ. ದೇವರು ಕರಕೊಂಡರು. ನಾವು ಅಜ್ಜನನ್ನು ಕಳಕೊಂಡೆವು. ಕಾಯಿಲೆ ಬಂದು ಹೋದರು. ಆರನೆಯದು ಭಜನೆಯಲ್ಲಿ ಹಾಡಿದ ಪುರಂದರದಾಸರ ‘ಅಲ್ಲಿದೆ ನಮ್ಮನೆ, ಇಲ್ಲಿ ಬಂದೆ ಸುಮ್ಮನೆ’.

ಇದರಲ್ಲಿ ‘ಸತ್ತರು’ ಎಂಬ ಮಾತೇ ಇಲ್ಲ. ಇದು ಆ ಮನೆಯ ತಪ್ಪು ಎನ್ನುವಂತಿಲ್ಲ. ತೀರಿಕೊಂಡರು, ಕಾಲವಾದರು, ಕಣ್ಣು ಮುಚ್ಚಿದರು, ಹರಿಪಾದ ಸೇರಿದರು ಎನ್ನುತ್ತಾ ಸಾವಿನ ಎದುರು ನಿಲ್ಲದೆ ಬದಿಯಿಂದ ಹಾದುಹೋಗುವುದು ಕನ್ನಡದ ಮರ್ಯಾದೆ. ಆದರೆ ಮಲಗಿದವರು ಏಳುತ್ತಾರೆ. ಹಾಗಾದರೆ ಸುಟ್ಟದ್ದು ಯಾಕೆ? ಕಳಕೊಂಡದ್ದನ್ನು ಹುಡುಕಿದರೆ ಸಿಗುತ್ತದೆ. ಅದಕ್ಕೇ ಅಟ್ಟ ಹತ್ತಿದ್ದು. ಕಾಯಿಲೆ ತನಗೂ ಬರುತ್ತದೆ, ಕಳೆದ ವಾರ ಶೀತ ಆಗಿತ್ತಲ್ಲ. ‘ಅಲ್ಲಿದೆ ನಮ್ಮನೆ’ ಎಂಬುದಕ್ಕೆ ಅವಳ ಪ್ರಶ್ನೆ ಎಲ್ಲಕ್ಕಿಂತ ಚುರುಕಾಗಿತ್ತು: “ಹಾಗಾದ್ರೆ ಇದು ಅಜ್ಜನ ಮನೆ ಅಲ್ವಾ?”

ಮಕ್ಕಳಿಗೆ ಸಾವು ಇಡಿಯಾಗಿ ಅರ್ಥವಾಗುವುದಿಲ್ಲ, ನಾಲ್ಕು ತುಂಡಾಗಿ ಅರ್ಥವಾಗುತ್ತದೆ. ಸತ್ತವರು ಮರಳುವುದಿಲ್ಲ. ಸತ್ತ ದೇಹಕ್ಕೆ ಉಸಿರು, ಹಸಿವು, ನೋವು ಇಲ್ಲ. ಸಾವಿಗೆ ದೇಹದೊಳಗಿನ ಕಾರಣವಿದೆ. ಎಲ್ಲರೂ ಸಾಯುತ್ತಾರೆ. ಹೆಚ್ಚಿನ ಮಕ್ಕಳಲ್ಲಿ 5ರಿಂದ 7ರ ನಡುವೆ ಇವು ಒಂದೊಂದಾಗಿ ಕೂಡಿಕೊಳ್ಳುತ್ತವೆ, ಕೆಲವರಿಗೆ 10 ಆಗುವುದೂ ಉಂಟು. ರೂಪಕ ಕೆಲಸ ಮಾಡುವುದು ಆಮೇಲೆ. ಸಾವು ನಿದ್ದೆಯಲ್ಲ ಎಂದು ಗೊತ್ತಿರುವವನಿಗೆ ಮಾತ್ರ ‘ಚಿರನಿದ್ದೆ’ ಎಂಬುದು ಕವಿತೆ. ಗೊತ್ತಿಲ್ಲದವಳಿಗೆ ಅದು ಸುದ್ದಿ, ಅದೂ ತಪ್ಪು ಸುದ್ದಿ.

ಹೇಳಬೇಕಾದ ಮಾತನ್ನು ಬರೆದೇ ಕೊಟ್ಟೆವು: “ಅಜ್ಜ ಸತ್ತಿದ್ದಾರೆ. ಅವರ ಉಸಿರು ನಿಂತಿದೆ, ಎದೆ ಬಡಿಯುವುದು ನಿಂತಿದೆ. ಸತ್ತ ಮೇಲೆ ನೋವಾಗುವುದಿಲ್ಲ, ಸುಟ್ಟದ್ದೂ ಅಜ್ಜನಿಗೆ ಗೊತ್ತಾಗಿಲ್ಲ. ಅವರು ಇನ್ನು ಬರುವುದಿಲ್ಲ. ಅವರಿಗೆ ಕ್ಯಾನ್ಸರ್ ಇತ್ತು. ನಿನ್ನ ಶೀತ ಅದಲ್ಲ.” ಹಗಲು ಹೇಳಬೇಕು, ಮಲಗುವ ಹೊತ್ತಿಗಲ್ಲ. ಎರಡು ಮೂರು ನಿಮಿಷ ಸಾಕು. ಅದೇ ಪ್ರಶ್ನೆಯನ್ನು ಹತ್ತು ಸಲ ಕೇಳಿದರೆ ಹತ್ತು ಸಲವೂ ಅದೇ ಶಬ್ದಗಳಲ್ಲಿ ಉತ್ತರ. ಉತ್ತರ ಬದಲಾದರೆ ಯಾವುದೋ ಒಂದು ಸುಳ್ಳು ಎಂದು ಮಕ್ಕಳು ಲೆಕ್ಕ ಹಾಕುತ್ತಾರೆ. ಅಜ್ಜಿ, ಚಿಕ್ಕಮ್ಮ ಕೂಡ ಇದನ್ನೇ ಹೇಳಬೇಕು.

“ನೀನೂ ಸಾಯ್ತೀಯಾ?” ಎಂಬುದು ಬಂದೇ ಬರುತ್ತದೆ ಎಂದು ಎಚ್ಚರಿಸಿದ್ದೆವು. ಮೂರನೇ ದಿನ ಬಂತು. “ಇಲ್ಲ ಮಗಾ” ಎಂದು ಬಾಯಿಗೆ ಬಂದದ್ದನ್ನು ತಡೆದು ಟೀಚರ್ ಹೇಳಿದ್ದು: “ಹೌದು, ಎಲ್ಲರೂ ಒಂದು ದಿನ ಸಾಯ್ತಾರೆ. ಹೆಚ್ಚಿನವರು ತುಂಬಾ ಪ್ರಾಯ ಆದ ಮೇಲೆ. ಈಗ ನನಗೆ ಯಾವ ಕಾಯಿಲೆಯೂ ಇಲ್ಲ. ನಿನ್ನನ್ನು ನೋಡಿಕೊಳ್ಳಲು ನಾನಿದ್ದೇನೆ, ಅಪ್ಪ ಇದ್ದಾರೆ, ಅಜ್ಜಿ, ಚಿಕ್ಕಮ್ಮ ಇದ್ದಾರೆ.” ಮಗುವಿನ ನಿಜವಾದ ಪ್ರಶ್ನೆ ಬಹಳ ಸಲ ಕೊನೆಯ ವಾಕ್ಯಕ್ಕೆ ಸೇರಿದ್ದು.

ಹೋಲಿಕೆ ಒಂದು ಬೇಕೇ ಬೇಕೆನಿಸಿದರೆ, ಮಗಳು ಮುಟ್ಟಿ ನೋಡಿದ ವಸ್ತುವನ್ನೇ ಆರಿಸಿ, ಅದೂ ಒಂದು ವಾರ ಬಿಟ್ಟು, ಎಂದಿದ್ದೆವು. ತೋಟದ ಮನೆಯಲ್ಲವೇ, ಅಡಿಕೆ ಮರವೇ ಸಿಕ್ಕಿತು. ಹಣ್ಣಾದ ಸೋಗೆ, ಅಂದರೆ ಗರಿ, ಬುಡದ ಹಾಳೆಸಮೇತ ತಾನಾಗಿ ಬೀಳುತ್ತದೆ, ಬಿದ್ದ ಜಾಗದಲ್ಲಿ ಮರದ ಮೇಲೆ ಬಳೆಯಂಥ ಗುರುತು ಉಳಿಯುತ್ತದೆ. ಮರಳಿ ಬರುವುದಿಲ್ಲ ಎಂಬುದೂ ನಿಜ, ಗುರುತು ಹೋಗುವುದಿಲ್ಲ ಎಂಬುದೂ ನಿಜ. ಆದರೆ ಟೀಚರ್ ಆತುರ ಮಾಡಿದರು, ನೇರ ಮಾತು ಹೇಳಿದ ದಿನವೇ ಇದನ್ನೂ ಹೇಳಿದರು. ಮಗಳು ಬಿದ್ದ ಸೋಗೆಯನ್ನು ಎಳೆದು ತಂದು ಬಾಳೆನಾರಿನಿಂದ ಮರಕ್ಕೆ ಕಟ್ಟಿದಳು. ಬಿಚ್ಚುವುದು ಬೇಡ, ಇರಲಿ ಎಂದೆವು. ದಿನಾ ಹೋಗಿ ನೋಡಿದಳು. ಒಣಗಿತು, ಹಿಡಿದುಕೊಳ್ಳಲಿಲ್ಲ. ಹೋಲಿಕೆ ಮಾಡದ ಕೆಲಸವನ್ನು ಆ ಬಾಳೆನಾರು ಮಾಡಿತು ಎನ್ನಬೇಕು.

ಇನ್ನು ತಾಯಿ. ಅವರ ಜೊತೆ ಆ ವಚನವನ್ನೇ ನಿಧಾನವಾಗಿ ಓದಿದೆವು. ‘ಮುನ್ನ’ ಎಂಬುದು ಅದರಲ್ಲಿ ಐದು ಸಲ ಬರುತ್ತದೆ. ಶರೀರ ಗೂಡಾಗುವ ಮುನ್ನ, ಅನ್ಯರಿಗೆ ಹಂಗಾಗುವ ಮುನ್ನ, ಕೋಲು ಹಿಡಿಯುವ ಮುನ್ನ, ಮುಪ್ಪಿನಿಂದ ರೂಪ ಅಳಿಯುವ ಮುನ್ನ, ಕೊನೆಗೆ ಮೃತ್ಯು ಮುಟ್ಟುವ ಮುನ್ನ. ‘ಮುಟ್ಟಿದರೆ’ ಎಂದು ಎಲ್ಲಿಯೂ ಇಲ್ಲ. ಸಾವು ತಪ್ಪದು ಎಂದು ಹೇಳಲು ಬಸವಣ್ಣ ಬೇರೆ ವಾಕ್ಯ ಖರ್ಚು ಮಾಡಿಲ್ಲ, ‘ಮುನ್ನ’ ಎಂಬ ಒಂದು ಅವ್ಯಯದೊಳಗೇ ಅದು ಮುಗಿದಿದೆ. ಮೃತ್ಯುವಿಗೆ ಮುಖ ಇಲ್ಲ, ಕೋಣ ಇಲ್ಲ, ಪಾಶ ಇಲ್ಲ; ಮುಟ್ಟುವಷ್ಟು ಕೈ ಮಾತ್ರ ಇದೆ.

ಇಲ್ಲಿಗೆ ಬಂದಾಗ ಟೀಚರ್ ಹೇಳಿದರು, “ಅಪ್ಪ ಕೋಲು ಹಿಡಿಯಲೇ ಇಲ್ಲ ಮೇಡಂ.” ಗಂಟಲು ಕಟ್ಟುತ್ತಿದ್ದದ್ದು ಮೃತ್ಯು ಎಂಬ ಪದಕ್ಕಲ್ಲ. ವಚನದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಬರುವ ಮುಪ್ಪು ಅವರ ತಂದೆಗೆ ಸಿಗಲಿಲ್ಲ, ನಡುವಿನ ಮೆಟ್ಟಿಲುಗಳನ್ನು ಬಿಟ್ಟು ನೇರ ಕೊನೆಯದ್ದು ಬಂತು. ದುಃಖದ ಜೊತೆ ಅನ್ಯಾಯವಾಯಿತು ಎಂಬ ಸಿಟ್ಟೂ ಇತ್ತು. ಅದಕ್ಕೆ ಆ ದಿನ ಹೆಸರು ಸಿಕ್ಕಿತು.

ಮನೆಗೆ ಕೊಟ್ಟ ಕೆಲಸ ಇಷ್ಟು: ನಾಲ್ಕು ದಿನ, ದಿನಕ್ಕೆ ಹತ್ತು ನಿಮಿಷ, ಬೆಳಕಿರುವಾಗ. ಮೇಲೆ ತಾರೀಕು ಹಾಕಿ ‘ಅಪ್ಪ ಸತ್ತರು’ ಎಂದು ಬರೆಯುವುದು. ಅದರ ಕೆಳಗೆ ಆ ಸಾವು ಯಾವುದರ ಹಾಗೆ ಎಂದು ಒಂದೇ ವಾಕ್ಯ. ಹೋಲಿಕೆ ಮನೆ, ತೋಟದ ವಸ್ತುವಿನದ್ದೇ ಆಗಬೇಕು, ಓದಿದ ಕವಿತೆಯದ್ದು ಬೇಡ. ಅದರ ಕೆಳಗೆ, ಯಾಕೆ ಹಾಗಲ್ಲ ಎಂದು ಇನ್ನೊಂದು. ಮೂರನೆಯದನ್ನು ಬಿಟ್ಟರೆ ಹೋಲಿಕೆ ಬರೇ ಸಮಾಧಾನವಾಗಿ ಉಳಿಯುತ್ತದೆ. ಎರಡನೇ ದಿನದ್ದು: “ಪಂಪು ನಿಂತ ಮೇಲೆ ತೋಟ ಇರುವ ಹಾಗೆ. ಹಾಗಲ್ಲ, ಪಂಪಿಗೆ ಸ್ವಿಚ್ ಉಂಟು.”

ಮಂಜೇಶ್ವರ ಗೋವಿಂದ ಪೈಗಳ ‘ಗೊಲ್ಗೊಥಾ’ ಓದಬಹುದೇ ಎಂದು ಕೇಳಿದರು. ಕ್ರಿಸ್ತನ ಕೊನೆಯ ದಿನದ ಯಾತನೆಯೇ ಅದರ ವಸ್ತು. ಹಾಸಿಗೆಯ ಪಕ್ಕ ಕೂತು ನೋವು ನೋಡಿದವರಿಗೆ ಇಷ್ಟು ಬೇಗ ಬೇಡ ಎಂದೆವು.

ಒಂದು ಎಚ್ಚರಿಕೆಯನ್ನೂ ಕೊಟ್ಟಿದ್ದೆವು. ಮಗಳು “ನಾನೂ ಅಜ್ಜನ ಹತ್ತಿರ ಹೋಗ್ತೇನೆ” ಎಂದರೆ, ಶಾಲೆಗೆ ಹೋಗುವುದನ್ನೇ ಬಿಟ್ಟರೆ, ತೂಕ ಇಳಿದರೆ, ಮುಂದಿನ ಭೇಟಿಗೆ ಕಾಯದೆ ಮಕ್ಕಳ ಮನೋವೈದ್ಯರಿಗೆ ತೋರಿಸಬೇಕು. ಅದರ ಅಗತ್ಯ ಬೀಳಲಿಲ್ಲ. ನಾಲ್ಕನೇ ಭೇಟಿಯ ಹೊತ್ತಿಗೆ ಮೂಗಿನ ಬಳಿ ಬೆರಳು ಹಿಡಿಯುವುದು ವಾರಕ್ಕೆ ಒಂದೆರಡು ಸಲಕ್ಕೆ ಇಳಿದಿತ್ತು. ಮರಕ್ಕೆ ಕಟ್ಟಿದ ಸೋಗೆಯನ್ನು ಮಗಳೇ ಬಿಚ್ಚಿದ್ದಳು, ಅದರ ಮೇಲೆ ಕೂತು ಅಂಗಳದಲ್ಲಿ ಚಿಕ್ಕಮ್ಮನ ಮಗನಿಂದ ಎಳೆಸಿಕೊಂಡಳಂತೆ. ‘ಅಲ್ಲಿದೆ ನಮ್ಮನೆ’ ಹಾಡು ಆ ಮನೆಯ ಭಜನೆಯಲ್ಲಿ ಮತ್ತೆ ಶುರುವಾಗಿಲ್ಲ. ಅಜ್ಜಿಗೆ ಬೇಕು, ಮೊಮ್ಮಗಳಿಗೆ ಬೇಡ. ಸದ್ಯಕ್ಕೆ ಅಜ್ಜಿ ಮಗು ಶಾಲೆಗೆ ಹೋದ ಮೇಲೆ ಹಾಡಿಕೊಳ್ಳುತ್ತಾರೆ.