ಊರು ಬಿಡಿ ಅಂದರೆ ಸಾಕಾ?

ಪ್ರಶ್ನೆ: ಅಮೆರಿಕದಲ್ಲಿ 2005ರಲ್ಲಿ ಬಂದ ಕತ್ರಿನಾ ಹರಿಕೇನ್ (ಚಂಡಮಾರುತ) ಬಗ್ಗೆ ಓದುತ್ತಿದ್ದೆ. ಮೇಯರ್ ಆದೇಶ ಕೊಟ್ಟರೂ ನ್ಯೂ ಆರ್ಲಿಯನ್ಸ್‌ನಲ್ಲಿ ಸಾವಿರಾರು ಜನ ಊರು ಬಿಡಲಿಲ್ಲವಂತೆ. ಆಮೇಲೆ ಎಲ್ಲರೂ ಸರ್ಕಾರವನ್ನೇ ಬೈದರು. ತಮ್ಮ ಜೀವ ನೋಡಿಕೊಳ್ಳುವುದು ಜನರ ಜವಾಬ್ದಾರಿ ಅಲ್ವಾ?

ಉತ್ತರ: ಖಂಡಿತ ಹೌದು. ಆದರೆ ಉಳಿದವರು ಯಾರು ಅಂತ ಮೊದಲು ನೋಡೋಣ.

ಕಡ್ಡಾಯವಾಗಿ ಹೊರಡಬೇಕು ಎಂಬ ಆದೇಶ ಬಂದಿದ್ದು ಆಗಸ್ಟ್ 28ರ ಭಾನುವಾರ ಬೆಳಿಗ್ಗೆ. ಸೋಮವಾರ ಬೆಳಗಾಗುವಷ್ಟರಲ್ಲಿ ಹರಿಕೇನ್ ದಡಕ್ಕೆ ಬಡಿದಿತ್ತು. ಪೂರ್ತಿ ಒಂದು ದಿನವೂ ಸಿಗಲಿಲ್ಲ. ಊರಿನಲ್ಲಿ ಸುಮಾರು ಒಂದು ಲಕ್ಷ ಜನಕ್ಕೆ ಕಾರೇ ಇರಲಿಲ್ಲ. ಮೇಲಾಗಿ ತಿಂಗಳ ಕೊನೆ. ಒಂದನೇ ತಾರೀಖಿನ ಚೆಕ್‌ಗೆ ಕಾಯುತ್ತಿದ್ದ ಬಡವರ ಹತ್ತಿರ ಪೆಟ್ರೋಲಿಗೂ ದುಡ್ಡಿಲ್ಲ, ಹೋಟೆಲ್ ರೂಮಿಗೂ ದುಡ್ಡಿಲ್ಲ. ಇವರಿಗೆ ಹೊರಡಿ ಅಂದರೆ ಹೇಗೆ ಹೊರಡಬೇಕು? ಅದೇ ಊರಲ್ಲಿ ನೂರಾರು ಶಾಲಾ ಬಸ್ಸುಗಳು ನಿಂತಲ್ಲೇ ಮುಳುಗಿದವು. ಸಾಲಾಗಿ ನಿಂತ ಹಳದಿ ಬಸ್ಸುಗಳು, ಸುತ್ತ ಕಪ್ಪು ನೀರು. ಆ ಫೋಟೊ ನೋಡಿದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ.

ಊರಿನ ಶೇ. 80ರಷ್ಟು ಭಾಗ ಮುಳುಗಿದ್ದಕ್ಕೆ ಮುಖ್ಯ ಕಾರಣ ಒಡ್ಡುಗಳು ಒಡೆದದ್ದು. ಕಾಲುವೆಯ ಕೆಲವು ತಡೆಗೋಡೆಗಳು ನೀರು ಮೇಲಿನಿಂದ ಉಕ್ಕುವ ಮೊದಲೇ ಬುಡ ಜಾರಿ ಕುಸಿದವು. ವಿನ್ಯಾಸದಲ್ಲೇ ದೋಷವಿತ್ತು ಎಂದು ಅವನ್ನು ಕಟ್ಟಿದ ಸೇನಾ ಇಂಜಿನಿಯರಿಂಗ್ ಇಲಾಖೆಯೇ 2006ರಲ್ಲಿ ಒಪ್ಪಿಕೊಂಡಿತು. ಇದನ್ನು ಯಾವ ಮನೆಯವರು ತಾನೇ ಸರಿಮಾಡಲು ಆಗುತ್ತಿತ್ತು?

ನಾಯಿ, ಬೆಕ್ಕು ಬಿಟ್ಟು ಬರಲ್ಲ ಎಂದು ಉಳಿದವರೂ ಇದ್ದರು. ಅದನ್ನು ಬರೀ ಹಠ ಎಂದು ತಳ್ಳಿಹಾಕದೆ, ಸ್ಥಳಾಂತರದ ಯೋಜನೆಯಲ್ಲಿ ಸಾಕುಪ್ರಾಣಿಗಳಿಗೂ ಜಾಗವಿರಬೇಕು ಎಂದು 2006ರಲ್ಲಿ ಕಾನೂನು ತಂದರು. ಒಳ್ಳೆಯ ಕೆಲಸ.

ಇನ್ನು ಜನರ ಪಾಲು. ಕಾರು, ದುಡ್ಡು, ಆರೋಗ್ಯ ಮೂರೂ ಇದ್ದವರು ಹೊರಡಲೇಬೇಕು. ಅವರು ಸುಮ್ನೆ ಮನೆಯಲ್ಲಿ ಕೂತರೆ ನಾಳೆ ರಕ್ಷಣಾ ದೋಣಿಯಲ್ಲಿ ಒಬ್ಬ ರೋಗಿಯ ಜಾಗ ಹಿಡಿಯುತ್ತಾರೆ. ತಲೆಗೆ ದಿನಕ್ಕೆ ನಾಲ್ಕು ಲೀಟರಿನಷ್ಟು ನೀರು, ಮಾತ್ರೆ, ಕಾಗದಪತ್ರ ಇವೆಲ್ಲ ಹರಿಕೇನ್ ಕಾಲ ಶುರುವಾಗುವ ಜೂನ್ 1ಕ್ಕೆ ಮೊದಲೇ ಸಿದ್ಧವಿರಲಿ. ಅಲ್ಲಿ ಮಾಮೂಲಿ ಮನೆ ವಿಮೆಯಿಂದ ಪ್ರವಾಹದ ನಷ್ಟಕ್ಕೆ ಪರಿಹಾರ ಸಿಗುವುದಿಲ್ಲ. ಸರ್ಕಾರದ ಪ್ರವಾಹ ವಿಮೆ ಬೇರೆಯೇ ಮಾಡಿಸಬೇಕು. ಅದು ಜಾರಿಗೆ ಬರಲು ಸಾಮಾನ್ಯವಾಗಿ 30 ದಿನ ಬೇಕು, ಟಿವಿಯಲ್ಲಿ ಬಿರುಗಾಳಿ ಕಂಡ ಮೇಲೆ ಓಡಿದರೆ ಪ್ರಯೋಜನವಿಲ್ಲ. ಕರೆಂಟ್ ಹೋದಾಗ ಜನರೇಟರನ್ನು ಮನೆಯೊಳಗಾಗಲಿ, ಗ್ಯಾರೇಜಿನಲ್ಲಾಗಲಿ ಓಡಿಸಬಾರದು. ಗಾಳಿ ಮಳೆಯಿಂದ ಪಾರಾಗಿ, ಆಮೇಲೆ ಜನರೇಟರಿನ ಹೊಗೆಗೆ ಮಲಗಿದಲ್ಲೇ ಸತ್ತವರಿದ್ದಾರೆ.

ನ್ಯೂ ಆರ್ಲಿಯನ್ಸ್ ಪಾಠ ಕಲಿತಿದೆ. ಕಾರಿಲ್ಲದವರನ್ನು ಬಸ್ಸಿಗೆ ಹತ್ತಿಸಿಕೊಳ್ಳಲು ಊರಿನಲ್ಲಿ 17 ಜಾಗ ಗೊತ್ತುಮಾಡಿದ್ದಾರೆ. ಅಲ್ಲಿ ಕೈ ಎತ್ತಿ ಬಸ್ ನಿಲ್ಲಿಸುವ ಮನುಷ್ಯನಂತೆ ಕಾಣುವ ಎತ್ತರದ ಲೋಹದ ಪ್ರತಿಮೆಗಳಿವೆ. ಅಕ್ಷರ ಬಾರದವರಿಗೂ ಗುರುತು ಸಿಗುತ್ತದೆ.

ಆದರೂ 2021ರ ಆಗಸ್ಟ್ 29ರಂದು, ಕತ್ರಿನಾ ಬಂದು ಸರಿಯಾಗಿ 16 ವರ್ಷಕ್ಕೆ ಬಂದ ಇಡಾ ಹರಿಕೇನ್ ತುಂಬಾ ಬೇಗ ಬಲ ಪಡೆಯಿತು. ಈ ಸಲ ಒಡ್ಡುಗಳು ತಡೆದುಕೊಂಡವು. ಬಸ್ ಹೊರಡಿಸಲು ಮಾತ್ರ ಸಮಯ ಸಾಲಲಿಲ್ಲ.