ಧಾರವಾಡದಲ್ಲಿ ಭೂಗೋಳ ಎಂ.ಎ. ಮಾಡಿದರೆ ಫೀಲ್ಡ್‌ವರ್ಕ್ ಹೇಗಿರುತ್ತದೆ?

ನಕ್ಷೆ ಹಿಡಿದು ಗುಡ್ಡ ಹತ್ತುವುದು ಸ್ವಲ್ಪವೇ. ಜಾಸ್ತಿ ಹೊತ್ತು ಹೋಗುವುದು ರೈತರ ಜೊತೆ ಮಾತಿನಲ್ಲಿ. ಧಾರವಾಡದಲ್ಲಿ ಒಂದು ಅನುಕೂಲ ಇದೆ: ಪಶ್ಚಿಮಕ್ಕೆ ಅಳ್ನಾವರ, ಕಲಘಟಗಿ ಕಡೆ ಭತ್ತ, ಕಾಡು, ಪೂರ್ವಕ್ಕೆ ನವಲಗುಂದದ ಕಡೆ ಎರಿ (ಕಪ್ಪು ಮಣ್ಣಿನ) ಭೂಮಿ, ಹತ್ತಿ, ಕಡಲೆ. ಮಳೆ ಕಡಿಮೆಯಾಗುತ್ತಾ ಹೋಗುವುದು ಒಂದೇ ದಿನದ ಓಡಾಟದಲ್ಲಿ ಬೆಳೆ ನೋಡಿಯೇ ಗೊತ್ತಾಗುತ್ತದೆ.

ಎರಿ ಹೊಲಕ್ಕೆ ಮಳೆ ಬಿದ್ದಾಗ ಮಾತ್ರ ಹೋಗಬೇಡಿ. ಮಣ್ಣು ಚಪ್ಪಲಿಗೆ ಮೆತ್ತಿ ಕಾಲೇ ಏಳುವುದಿಲ್ಲ. ಬೇಸಿಗೆಯಲ್ಲಿ ಅದೇ ಮಣ್ಣು ಬಿರಿಯುತ್ತದೆ. ಬಿರುಕಿಗೆ ಸ್ಕೇಲ್ ಇಳಿಸಿ ಆಳ ಅಳೆಯಬಹುದು.

ಟೋಪೋಶೀಟ್ (ಗುಡ್ಡ, ಹಳ್ಳ, ರಸ್ತೆ, ಊರು ತೋರಿಸುವ ಸರ್ವೆ ನಕ್ಷೆ) ಸಾಮಾನ್ಯವಾಗಿ 1:50,000, ಅಂದರೆ 2 ಸೆಂ.ಮೀ.ಗೆ 1 ಕಿ.ಮೀ. ಹಳೆಯ ಶೀಟಿನಲ್ಲಿ ಹುಬ್ಬಳ್ಳಿಯ ಹೊಸ ಬಡಾವಣೆ ಎಲ್ಲಿರುತ್ತದೆ? ಜಿಪಿಎಸ್ ಬೇಕೇ ಬೇಕು.

ಇನ್ನೊಂದು ಮಾತು. ಸರ್ವೆಯಲ್ಲಿ "ಆದಾಯ ಎಷ್ಟು" ಅಂತ ಮೊದಲೇ ಕೇಳಿದರೆ ಯಾರೂ ಬಾಯಿ ಬಿಡುವುದಿಲ್ಲ. ಬೋರ್ ಎಷ್ಟು ಅಡಿ ಕೊರೆಸಿದ್ರಿ, ನೀರು ಬಿತ್ತಾ ಅಂತ ಶುರು ಮಾಡಿ. ಚಹಾ ಬರುವಷ್ಟರಲ್ಲಿ ಉಳಿದದ್ದನ್ನು ಅವರೇ ಹೇಳುತ್ತಾರೆ.