ಹಸು ನಿಂತಿರುವಾಗಲೇ ಹೊಟ್ಟೆ ಕುಯ್ದು ಆಪರೇಶನ್ ಮಾಡುತ್ತಾರಂತೆ, ಅದಕ್ಕೆ ನೋವಾಗಲ್ವಾ?

ನೀವು ಕೇಳಿರುವುದು ಇಷ್ಟು: ನಿಮ್ಮ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್ ತಳಿಯ) ಹಸುವಿನ ಹೊಟ್ಟೆಯಲ್ಲಿ ಪ್ಲಾಸ್ಟಿಕ್ ಸೇರಿಕೊಂಡಿದೆ, ಕುಯ್ದು ತೆಗೆಯಬೇಕು ಎಂದು ಡಾಕ್ಟರ್ ಹೇಳಿದ್ದಾರೆ. ಆದರೆ ಪ್ರಜ್ಞೆ ತಪ್ಪಿಸುವುದಿಲ್ಲ, ನಿಂತಲ್ಲೇ ಮಾಡುತ್ತಾರಂತೆ. ನಿಮ್ಮ ನಾಯಿಗೆ ಆಪರೇಶನ್ ಆದಾಗ ಪೂರ್ತಿ ಮಲಗಿಸಿದ್ದರು. ಹಸುವಿಗೆ ಯಾಕೆ ಹಾಗಿಲ್ಲ, ಖರ್ಚು ಉಳಿಸೋದಕ್ಕಾ? ಆಮೇಲೆ ಮನೆಯಲ್ಲಿರುವ ನೋವಿನ ಮಾತ್ರೆ ಕೊಡಬಹುದಾ?

ನಾನು ಪಶುವೈದ್ಯ, ದನಗಳ ಆಪರೇಶನ್ನೇ ನನ್ನ ಕೆಲಸ. ಮೊದಲ ಪ್ರಶ್ನೆಗೆ ಉತ್ತರ: ನಿಮ್ಮ ಡಾಕ್ಟರ್ ಹಿಡಿದಿರುವ ದಾರಿ ಸರಿಯಾಗಿದೆ. ದುಡ್ಡು ಎಷ್ಟೇ ಇದ್ದರೂ ನಾನೂ ಅದನ್ನೇ ಮಾಡುತ್ತೇನೆ.

ಯಾಕೆ ಅಂದರೆ, ಹಸುವಿನ ಹೊಟ್ಟೆಯೇ ಬೇರೆ. ನಾಯಿಗೆ ಒಂದು ರಾತ್ರಿ ಊಟ ಬಿಡಿಸಿದರೆ ಹೊಟ್ಟೆ ಖಾಲಿ. ಹಸುವಿನ ದೊಡ್ಡ ಹೊಟ್ಟೆ ನೂರು ಲೀಟರ್‌ಗಿಂತ ಜಾಸ್ತಿ ಹಿಡಿಯುತ್ತದೆ. ಒಂದಿಡೀ ದಿನ ಉಪವಾಸ ಕೆಡವಿದರೂ ಅದು ಖಾಲಿ ಆಗುವುದಿಲ್ಲ. ಒಳಗೆ ಮೇವು ಹುಳಿಯುತ್ತಲೇ ಇರುತ್ತದೆ, ಗ್ಯಾಸ್ ಹುಟ್ಟುತ್ತಲೇ ಇರುತ್ತದೆ. ಎಚ್ಚರವಾಗಿರುವ ಹಸು ಆ ಗ್ಯಾಸನ್ನು ತೇಗಿ ಹೊರಗೆ ಹಾಕುತ್ತದೆ. ಪ್ರಜ್ಞೆ ತಪ್ಪಿ ಮಲಗಿದ ಹಸುವಿಗೆ ತೇಗು ಬರುವುದಿಲ್ಲ. ಹೊಟ್ಟೆ ಉಬ್ಬರಿಸಿ ಎದೆಯ ಕಡೆಗೆ ಒತ್ತುತ್ತದೆ, ಉಸಿರಾಟ ಕಷ್ಟವಾಗುತ್ತದೆ. ಇನ್ನೊಂದು ಕಡೆ, ದಿನಕ್ಕೆ ನೂರು ಲೀಟರ್ ಲೆಕ್ಕದಲ್ಲಿ ಸುರಿಯುವ ಜೊಲ್ಲನ್ನು ನುಂಗುವ ಶಕ್ತಿಯೂ ಹೋಗಿರುತ್ತದೆ. ಆ ಜೊಲ್ಲು, ಹೊಟ್ಟೆಯಿಂದ ಮೇಲೆ ಬಂದ ಮೇವಿನ ನೀರು, ಎರಡೂ ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ. ಆಪರೇಶನ್ ಚೆನ್ನಾಗಿ ಆಗಿಯೂ ಹಸು ಸಾಯುವುದು ಇಂಥ ಕಾರಣಕ್ಕೆ. ನಾನೂರು ಕಿಲೋ ಭಾರ ಗಂಟೆಗಟ್ಟಲೆ ಒಂದೇ ಮಗ್ಗುಲಿನ ಮೇಲೆ ಬಿದ್ದರೆ ಕಾಲಿನ ನರ, ಮಾಂಸ ಜಜ್ಜಿಹೋಗುವುದು ಬೇರೆ. ಆಮೇಲೆ ಏಳೋಕೇ ಆಗದೆ ಹೋಗಬಹುದು.

ದನಕ್ಕೆ ಪೂರ್ತಿ ಪ್ರಜ್ಞೆ ತಪ್ಪಿಸುವುದೇ ಇಲ್ಲ ಅಂತಲ್ಲ. ಮೂಳೆ ಕೂಡಿಸುವಂಥ ಕೆಲಸಕ್ಕೆ ಅದು ಬೇಕಾಗುತ್ತದೆ. ಆಗ ಗಂಟಲಿಗೆ ಕೊಳವೆ ಹಾಕಿ, ತಲೆ ಇಳಿಜಾರು ಮಾಡಿ, ಕೆಳಗೆ ದಪ್ಪ ಹಾಸಿಗೆ ಹಾಕಿ ಮಾಡುತ್ತಾರೆ. ನಿಮ್ಮ ಹಸುವಿಗೆ ಅದು ಬೇಕಿಲ್ಲ.

ಈಗ ನೋವಿನ ವಿಷಯ. ಹಸುವಿನ ಪ್ರಜ್ಞೆ ಹಾಗೇ ಇರುತ್ತದೆ, ಕುಯ್ಯುವ ಜಾಗ ಮಾತ್ರ ಸತ್ತಂತಾಗುತ್ತದೆ. ನಿಮ್ಮ ಹಲ್ಲು ಕೀಳುವಾಗ ಕೊಡುತ್ತಾರಲ್ಲ, ಅದೇ ಲಿಗ್ನೊಕೇನ್. ಎಡಪಕ್ಕೆಗೆ ಹೋಗುವ ನರಗಳು ಬೆನ್ನುಮೂಳೆಯಿಂದ ಹೊರಬರುವ ಜಾಗ ನಮಗೆ ಗೊತ್ತಿದೆ. ಕೊನೆಯ ಪಕ್ಕೆಲುಬಿನ ಹಿಂದಿನಿಂದ ಶುರುಮಾಡಿ ಮೂರು ಕಡೆ ಉದ್ದ ಸೂಜಿ ಇಳಿಸಿ ಮದ್ದು ಬಿಡುತ್ತೇವೆ. ಕೆಲವರು ಇದರ ಬದಲು ಪಕ್ಕೆಯ ಮೇಲೆಯೇ ಸಾಲಾಗಿ ಚುಚ್ಚುತ್ತಾರೆ, ಅದೂ ಸರಿಯೇ. ನನಗೆ ಬೆನ್ನಿನ ಹತ್ತಿರ ಕೊಡುವುದೇ ಇಷ್ಟ. ಕಡಿಮೆ ಮದ್ದು, ಚರ್ಮದಿಂದ ಒಳಪದರದವರೆಗೆ ಎಲ್ಲಾ ಮರಗಟ್ಟುತ್ತದೆ.

ಹತ್ತು ನಿಮಿಷ ಬಿಟ್ಟು ನೀವೇ ನೋಡಿ. ಹಸುವಿನ ಹಿಂದೆ ನಿಂತರೆ ಬೆನ್ನು ನೆಟ್ಟಗೆ ಕಾಣುವುದಿಲ್ಲ, ಎಡಕ್ಕೆ ಉಬ್ಬಿದ ಹಾಗೆ ಬಾಗಿರುತ್ತದೆ. ಆ ಕಡೆಯ ಸ್ನಾಯುಗಳು ಸಡಿಲವಾಗಿವೆ ಅಂತ ಅರ್ಥ. ಎರಡೂ ಪಕ್ಕೆಗೆ ಒಂದೊಂದು ಅಂಗೈ ಇಡಿ. ಎಡಗಡೆ ಬಿಸಿ ತಾಗುತ್ತದೆ, ರಕ್ತನಾಳ ಹಿಗ್ಗಿ ಚರ್ಮಕ್ಕೆ ಜಾಸ್ತಿ ರಕ್ತ ಬಂದಿರುತ್ತದೆ. ಆಮೇಲೆ ಡಾಕ್ಟರ್ ಸೂಜಿಯಿಂದ ಅಲ್ಲಲ್ಲಿ ಚುಚ್ಚಿ ನೋಡುತ್ತಾರೆ. ಚರ್ಮ ಅದುರಿದರೆ, ಹಸು ಕಾಲು ಎತ್ತಿದರೆ ಇನ್ನೂ ಮದ್ದು ಹತ್ತಿಲ್ಲ. ಕಾಯಬೇಕು, ಇಲ್ಲಾ ಇನ್ನೊಮ್ಮೆ ಕೊಡಬೇಕು. ಚುಚ್ಚಿ ನೋಡದೆ ಬ್ಲೇಡ್ ಎತ್ತಿಕೊಂಡರೆ "ಸಾರ್, ಒಂದ್ಸಲ ನೋಡಿ" ಅನ್ನಲು ಸಂಕೋಚ ಬೇಡ. ಕೇಳುವುದು ನಿಮ್ಮ ಹಕ್ಕು. ಮದ್ದು ಸರಿಯಾಗಿ ಹತ್ತಿದ್ದರೆ ಟ್ರೆವಿಸ್‌ನಲ್ಲಿ (ದನ ಅಲ್ಲಾಡದಂತೆ ನಿಲ್ಲಿಸುವ ಕಂಬಿ ಚೌಕಟ್ಟು) ನಿಂತೇ ಮೆಲುಕು ಹಾಕುವ ಹಸುಗಳಿವೆ. ನಮ್ಮ ಕೈ ಭುಜದವರೆಗೂ ಅದರ ಹೊಟ್ಟೆಯೊಳಗೆ ಇರುತ್ತದೆ, ಅದು ಎದುರಿಗಿನ ಗೋಡೆ ನೋಡುತ್ತಿರುತ್ತದೆ.

ಆದರೂ ಒಂದು ಮಾತು. ಕುಯ್ಯುವುದು ಗೊತ್ತಾಗುವುದಿಲ್ಲ, ಎಳೆಯುವುದು ಗೊತ್ತಾಗುತ್ತದೆ. ಒಳಗಿನ ಅಂಗಗಳ ಗುಣವೇ ಹಾಗೆ. ದೊಡ್ಡ ಹೊಟ್ಟೆಯನ್ನು ಗಾಯದ ಬಾಯಿಗೆ ಎಳೆದು ತಂದು ಹೊಲಿಯುವಾಗ ಹಸು ನರಳಬಹುದು, ಸ್ವಲ್ಪ ಸರಿದಾಡಬಹುದು. ಅದಕ್ಕೇ ಅವಸರ ಮಾಡದೆ ಮೆಲ್ಲಗೆ ಎಳೆಯುತ್ತೇವೆ. ಒಳಗಿಂದ ಬರುವುದು ಹಾಲಿನ ಪ್ಯಾಕೆಟ್, ಕ್ಯಾರಿ ಬ್ಯಾಗ್, ಹಗ್ಗ, ಎಲ್ಲಾ ಹೆಣೆದುಕೊಂಡು ಗಟ್ಟಿಯಾದ ಉಂಡೆ. ಹತ್ತಾರು ಕಿಲೋ ಸಿಗುವುದು ಅಪರೂಪವೇನಲ್ಲ. ಕವರ್ ಬೆಳಕಿಗೆ ಹಿಡಿದರೆ ಅಂಗಡಿ ಹೆಸರು ಓದಬಹುದು, ಅಷ್ಟು ಚೆನ್ನಾಗಿ ಉಳಿದಿರುತ್ತದೆ.

ಗಾಬರಿ ಬೀಳುವ ಹಸುವಿಗೆ ಜೈಲಜಿನ್ ಅಂತ ಮಂಪರಿನ ಇಂಜೆಕ್ಷನ್ ಕೊಡುವುದುಂಟು. ಇದರಲ್ಲಿ ಹುಷಾರಾಗಿರಬೇಕು. ಕುದುರೆಗೆ ಕೊಡುವ ಪ್ರಮಾಣದ ಹತ್ತನೇ ಒಂದು ಪಾಲೂ ಹಸುವಿಗೆ ಸಾಕು. ಸ್ವಲ್ಪ ಜಾಸ್ತಿಯಾದರೆ ಹಸು ಕುಸಿದು ಕೂರುತ್ತದೆ, ಅದೂ ಹೊಟ್ಟೆ ತೆರೆದಿರುವಾಗ. ಹಾಗಾಗಿ ಸಮಾಧಾನದ ಹಸುವಿಗೆ ಇದು ಬೇಡ ಅನ್ನುವುದೇ ನನ್ನ ಅಭಿಪ್ರಾಯ. ಮನೆಯವರು ಯಾರಾದರೂ ತಲೆಯ ಹತ್ತಿರ ನಿಂತು ಗಂಗೆದೊಗಲು ಸವರುತ್ತಿದ್ದರೆ ಸಾಕಾಗುತ್ತದೆ.

ನಿಮ್ಮ ಎರಡನೇ ಪ್ರಶ್ನೆ ನನಗೆ ಹೆಚ್ಚು ಮುಖ್ಯ. ಲಿಗ್ನೊಕೇನ್ ಒಂದೂವರೆ ಗಂಟೆ ಆಸುಪಾಸು ಕೆಲಸ ಮಾಡುತ್ತದೆ, ಅಷ್ಟೇ. ಹೊಲಿಗೆ ಮುಗಿದು ನೀವು ಕೊಟ್ಟಿಗೆಗೆ ಕರೆದುಕೊಂಡು ಹೋಗುವ ಹೊತ್ತಿಗೆ ನೋವು ಶುರುವಾಗುತ್ತದೆ. "ದನ ಅಲ್ವಾ, ತಡ್ಕೊಳ್ಳುತ್ತೆ" ಅನ್ನುವವರು ನಮ್ಮ ವೃತ್ತಿಯಲ್ಲೂ ಇದ್ದಾರೆ. ನೋವಿದ್ದರೆ ಅಲ್ಲಾಡದೆ ಬಿದ್ದಿರುತ್ತೆ, ಗಾಯ ಬೇಗ ಮಾಗುತ್ತೆ ಅನ್ನುವ ಮಾತೂ ಇದೆ. ಎರಡೂ ಸುಳ್ಳು. ನೋವಿರುವ ಹಸು ಮೇವು ಮುಟ್ಟುವುದಿಲ್ಲ. ಮೇವು ಬಿಟ್ಟರೆ ದೊಡ್ಡ ಹೊಟ್ಟೆ ನಿಂತುಹೋಗುತ್ತದೆ, ಹಾಲು ಇಳಿಯುತ್ತದೆ. ನಾನು ಕುಯ್ಯುವ ಮೊದಲೇ ಮೆಲಾಕ್ಸಿಕ್ಯಾಮ್ ಅನ್ನುವ ನೋವಿನ ಇಂಜೆಕ್ಷನ್ ಕೊಡುತ್ತೇನೆ. ನೋವು ಹತ್ತಿದ ಮೇಲೆ ಕೊಡುವುದಕ್ಕಿಂತ ಮೊದಲೇ ಕೊಟ್ಟರೆ ಚೆನ್ನಾಗಿ ಹಿಡಿಯುತ್ತದೆ. ಹಸುವಿನ ಮೈಯಲ್ಲಿ ಅದು ನಿಧಾನವಾಗಿ ಕರಗುವುದರಿಂದ ಒಂದು ಇಂಜೆಕ್ಷನ್ ಸುಮಾರು ಹೊತ್ತು ಬರುತ್ತದೆ.

ಮನೆಯಲ್ಲಿರುವ ಮಾತ್ರೆ ಕೊಡಬೇಡಿ. ಅದರಲ್ಲೂ ಡೈಕ್ಲೋಫೆನಾಕ್ ಬೇಡವೇ ಬೇಡ. ಅದನ್ನು ಹಾಕಿಸಿಕೊಂಡ ದನ ಸತ್ತರೆ, ಹೆಣ ತಿಂದ ರಣಹದ್ದಿನ ಮೂತ್ರಪಿಂಡ ಹಾಳಾಗಿ ಅದೂ ಸಾಯುತ್ತದೆ. 1990ರ ದಶಕದಲ್ಲಿ ದೇಶದ ಬಹುಪಾಲು ರಣಹದ್ದುಗಳು ಇದರಿಂದಲೇ ನಾಶವಾದವು. ಕಾರಣ ಖಚಿತವಾಗಿದ್ದು 2004ರಲ್ಲಿ. 2006ರಲ್ಲಿ ಜಾನುವಾರುಗಳಿಗೆ ಇದನ್ನು ನಿಷೇಧಿಸಿದರು. ಆಮೇಲೂ ಮನುಷ್ಯರಿಗೆಂದು ಬರುತ್ತಿದ್ದ ದೊಡ್ಡ ಬಾಟಲಿಗಳನ್ನು ದನಕ್ಕೆ ಬಳಸುತ್ತಿದ್ದರು, 2015ರಲ್ಲಿ ಆ ಬಾಟಲಿಯ ಗಾತ್ರವನ್ನು 3 ಮಿ.ಲೀ.ಗೆ ಇಳಿಸಿದರು. 2023ರಲ್ಲಿ ಕೀಟೊಪ್ರೊಫೆನ್, ಅಸಿಕ್ಲೋಫೆನಾಕ್ ಅನ್ನುವ ನೋವಿನ ಮದ್ದುಗಳು ಕೂಡ ಜಾನುವಾರುಗಳಿಗೆ ನಿಷೇಧವಾದವು. ಮೆಲಾಕ್ಸಿಕ್ಯಾಮ್ ರಣಹದ್ದಿಗೆ ಅಪಾಯ ಮಾಡುವುದಿಲ್ಲ. ರಾಮನಗರದ ರಾಮದೇವರಬೆಟ್ಟದಲ್ಲಿ ಉಳಿದಿರುವ ಕೆಲವೇ ಹದ್ದುಗಳಿಗಾಗಿ 2012ರಲ್ಲಿ ವನ್ಯಧಾಮ ಮಾಡಿದ್ದಾರೆ. ಸುತ್ತಲಿನ ಕೊಟ್ಟಿಗೆಗಳಲ್ಲಿ ಯಾವ ಇಂಜೆಕ್ಷನ್ ಬಳಸುತ್ತಾರೆ ಅನ್ನುವುದೂ ಅವುಗಳ ಪಾಲಿಗೆ ಅಷ್ಟೇ ಮುಖ್ಯ. (ಮನೆಯಲ್ಲಿ ಬೆಕ್ಕಿದ್ದರೆ ಇದೂ ತಿಳಿದಿರಲಿ: ಪ್ಯಾರಾಸಿಟಮಾಲ್‌ನ ಒಂದೇ ಮಾತ್ರೆ ಬೆಕ್ಕನ್ನು ಕೊಲ್ಲಬಹುದು.)

ಮನೆಗೆ ಬಂದ ಮೇಲೆ ನೋವಿದೆಯೋ ಇಲ್ಲವೋ ಹೇಗೆ ತಿಳಿಯುವುದು? ಹಸು ಕೂಗಾಡುವುದಿಲ್ಲ. ಸುಮ್ನೆ ನಿಂತಿರುತ್ತದೆ, ಅದಕ್ಕೇ ನಾವು ಮೋಸ ಹೋಗುತ್ತೇವೆ. ಕಿವಿ ನೋಡಿ: ಹಿಂದಕ್ಕೆ ಸರಿದಿವೆಯಾ, ಜೋತು ಬಿದ್ದಿವೆಯಾ? ಬೆನ್ನು ಗೂನಾಗಿದೆಯಾ, ತಲೆ ಬೆನ್ನಿಗಿಂತ ಕೆಳಗಿದೆಯಾ? ನೀವು ಹತ್ತಿರ ಹೋದರೆ ತಿರುಗಿ ನೋಡುತ್ತದಾ, ಇಲ್ಲಾ ಕಲ್ಲಿನ ಹಾಗೆ ನಿಂತಿರುತ್ತದಾ? ಕೋಪನ್‌ಹೇಗನ್ ವಿಶ್ವವಿದ್ಯಾಲಯದ ಸಂಶೋಧಕರು 2015ರಲ್ಲಿ ಇಂಥ ಲಕ್ಷಣಗಳನ್ನೇ ಸೇರಿಸಿ ಹಸುವಿನ ನೋವಿಗೆ ಅಂಕ ಕೊಡುವ ಕ್ರಮ ಮಾಡಿದ್ದಾರೆ. ನಮ್ಮ ಕಡೆ ಹಾಲು ಕರೆಯುವ ಹೆಂಗಸರು ಅಂಕ ಇಲ್ಲದೆಯೇ ಇದನ್ನು ಹೇಳುತ್ತಾರೆ. ಹಲ್ಲು ಕಡಿಯುವ ಸದ್ದು ಕೇಳಿದರೆ, ಮೆಲುಕು ಹಾಕದಿದ್ದರೆ ಮರುದಿನದವರೆಗೆ ಕಾಯಬೇಡಿ. ಡಾಕ್ಟರಿಗೆ ಫೋನ್ ಮಾಡಿ.

ಹಾಲು ಡೈರಿಗೆ ಹಾಕುವುದನ್ನು ಎಷ್ಟು ದಿನ ನಿಲ್ಲಿಸಬೇಕು ಅಂತ ಮೊದಲೇ ಕೇಳಿಕೊಳ್ಳಿ. ಯುರೋಪಿನಲ್ಲಿ ಮೆಲಾಕ್ಸಿಕ್ಯಾಮ್ ಇಂಜೆಕ್ಷನ್‌ಗೆ 5 ದಿನ ಅಂತಿದೆ, ಜೊತೆಗೆ ಕೊಡುವ ಆಂಟಿಬಯೋಟಿಕ್‌ಗೆ ಬೇರೆ ಲೆಕ್ಕ ಇರುತ್ತದೆ.

ಹಸು ಗಬ್ಬವಾಗಿದ್ದರೆ ಎಷ್ಟು ತಿಂಗಳು ಅಂತ ಆಪರೇಶನ್‌ಗೆ ಮೊದಲೇ ಹೇಳಿಬಿಡಿ. ತುಂಬು ಗಬ್ಬದಲ್ಲಿ ಜೈಲಜಿನ್ ಗರ್ಭಕೋಶವನ್ನು ಕುಗ್ಗಿಸಿ ಕರುವಿಗೆ ತೊಂದರೆ ಕೊಡಬಹುದು. ತೂಕವೂ ಗೊತ್ತಿದ್ದರೆ ಒಳ್ಳೇದು. ತಕ್ಕಡಿ ಬೇಕಿಲ್ಲ, ಟೇಲರ್ ಟೇಪ್ ಸಾಕು. ಮುಂಗಾಲಿನ ಹಿಂದೆ ಎದೆಯ ಸುತ್ತಳತೆ, ಭುಜದ ಮುಂಭಾಗದಿಂದ ಬಾಲದ ಬುಡದ ಮೂಳೆಯವರೆಗೆ ಉದ್ದ, ಎರಡನ್ನೂ ಇಂಚಿನಲ್ಲಿ ಅಳೆಯಿರಿ. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಇನ್ನೊಮ್ಮೆ ಗುಣಿಸಿ, 660ರಿಂದ ಭಾಗಿಸಿ. ಸುತ್ತಳತೆ 70, ಉದ್ದ 60 ಇದ್ದರೆ ಹೆಚ್ಚುಕಡಿಮೆ 445 ಕಿಲೋ. ಆ ಅಂಕಿಯನ್ನು ಒಂದು ಚೀಟಿಯಲ್ಲಿ ಬರೆದು ಡಾಕ್ಟರ್ ಕೈಗೆ ಕೊಡಿ.